ಹಿಮದ ಹಾದಿಗೆ ಹೊರಟ ನಂಜನಗೂಡಿನವರಿಗೆ ಏಳು ಸೂತ್ರ

ನಂಜನಗೂಡು, ತಿ. ನರಸೀಪುರ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿವೆ. ಚಳಿಗಾಲದ ಚಾರಣಕ್ಕೆ ಹೆಸರಾದ ಉತ್ತರಾಖಂಡದ ಕೇದಾರಕಂಠದ ನೆತ್ತಿ ಸುಮಾರು 3,800 ಮೀಟರ್. ನಮ್ಮ ಪುಷ್ಯದ ಚಳಿಯೊಂದನ್ನೇ ಬಲ್ಲ ಮೈಯನ್ನು ಅಲ್ಲಿಗೆ ಒಯ್ಯುವ ಮುನ್ನ ಇಷ್ಟು ಮಾಡಿ.

1. ಅಭ್ಯಾಸ ಇಲ್ಲೇ ಶುರುವಾಗಲಿ. ಎರಡು ತಿಂಗಳು ಮೊದಲೇ ಹತ್ತತೊಡಗಿ. ನರಸೀಪುರದ ಕಡೆಯವರಿಗೆ ಮುಡುಕುತೊರೆ ಬೆಟ್ಟವಿದೆ. ಭಾನುವಾರಕ್ಕೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು, ಬೆನ್ನ ಮೇಲೆ ಆರೇಳು ಕಿಲೋ ಭಾರ. ಇಳಿಯುವುದನ್ನೂ ಅಷ್ಟೇ ಶ್ರದ್ಧೆಯಿಂದ ಮಾಡಿ, ಮಂಡಿ ಸೋಲುವುದು ಇಳಿಯುವಾಗಲೇ.

2. ಹತ್ತಿ ಬಟ್ಟೆ ಮನೆಯಲ್ಲೇ ಇರಲಿ. ಬೆವರಲ್ಲಿ ನೆನೆದ ಹತ್ತಿ ಬೇಗ ಒಣಗದೆ ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ಮೈಗೆ ಉಣ್ಣೆ ಅಥವಾ ಸಿಂಥೆಟಿಕ್, ನಡುವೆ ಫ್ಲೀಸ್, ಮೇಲೆ ಗಾಳಿ ತಡೆಯುವ ಜಾಕೆಟ್. ಬೆವರುವ ಮೊದಲೇ ಒಂದು ಪದರ ಕಳಚಿ, ನಿಂತ ಕೂಡಲೇ ಮತ್ತೆ ಹಾಕಿಕೊಳ್ಳಿ.

3. ಹೊಳೆಯುವ ನೆಲಕ್ಕೆ ಹೆದರಿ. ಹಗಲು ಕರಗಿದ ಹಿಮ ರಾತ್ರಿ ಗಟ್ಟಿ ಮಂಜುಗಡ್ಡೆಯಾಗುತ್ತದೆ. ಶೂಗೆ ಮೈಕ್ರೋಸ್ಪೈಕ್ ಎಂಬ ಮುಳ್ಳುಪಟ್ಟಿ ತೊಡಿಸಿಕೊಳ್ಳಿ, ಅದೂ ಇಳಿಜಾರಿಗೆ ಕಾಲಿಡುವ ಮುಂಚೆ, ಸಮತಟ್ಟಾದ ಜಾಗದಲ್ಲಿ. ಕಪಿಲೆಯ ಸ್ನಾನಘಟ್ಟದಲ್ಲಿ ಪಾಚಿ ಹಿಡಿದ ಮೆಟ್ಟಿಲು ಇಳಿಯುವಂತೆಯೇ ನಡೆಯಬೇಕು: ಸಣ್ಣ ಹೆಜ್ಜೆ, ಇಡೀ ಪಾದ ಊರಿ, ಮಂಡಿ ತುಸು ಬಾಗಿಸಿ. ಕಾಲುಗಳ ನಡುವೆ ಅಂತರವಿರಲಿ. ಒಂದು ಕಾಲಿನ ಮುಳ್ಳು ಇನ್ನೊಂದರ ಪ್ಯಾಂಟಿಗೆ ಸಿಕ್ಕಿ ಬೀಳುವುದುಂಟು.

4. ನಸುಕಿನಲ್ಲೇ ಹೊರಡಿ. ಬಿಸಿಲೇರಿದರೆ ಹಿಮ ಸಡಿಲವಾಗಿ ಕಾಲು ಹೂತುಹೋಗುತ್ತದೆ.

5. ತಲೆನೋವನ್ನು ಮುಚ್ಚಿಡಬೇಡಿ. ಎತ್ತರದ ಕಾಯಿಲೆ ಗಟ್ಟಿ ಆಳನ್ನೂ ಬಿಡುವುದಿಲ್ಲ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಮೇಲೇರಬಾರದು. ತಲೆನೋವಿನ ಜೊತೆ ವಾಕರಿಕೆ ಬಂದರೆ, ಊಟ ಸೇರದಿದ್ದರೆ ಅಲ್ಲೇ ನಿಲ್ಲಿ. ಕೂತಲ್ಲೇ ಏದುಸಿರು, ತೂರಾಡುವ ನಡಿಗೆ, ತಡಬಡಿಸುವ ಮಾತು ಕಂಡರೆ ತಡಮಾಡದೆ ಕೆಳಗಿಳಿಸಬೇಕು. ಮದ್ಯವಂತೂ ಬೇಡವೇ ಬೇಡ. ಬೆಚ್ಚಗಾದಂತೆ ಅನಿಸಿದರೂ ಅದು ಮೈಯ ಶಾಖವನ್ನು ಹೊರಗೆ ಕಳೆಯುತ್ತದೆ.

6. ನೀರಿನ ಬಾಟಲಿಯನ್ನು ತಲೆಕೆಳಗಾಗಿಡಿ. ನೀರು ಹೆಪ್ಪುಗಟ್ಟುವುದು ಮೇಲಿನಿಂದ, ಹಾಗಿಟ್ಟರೆ ಮುಚ್ಚಳ ಕಟ್ಟಿಕೊಳ್ಳುವುದಿಲ್ಲ. ಮೊಬೈಲು ಒಳಜೇಬಿನಲ್ಲಿರಲಿ. ತಂಪು ಕನ್ನಡಕ ಮರೆಯಬೇಡಿ, ಹಿಮದ ಮೇಲಿನ ಬಿಸಿಲು ಕಣ್ಣು ಸುಡುತ್ತದೆ.

7. ಹಿಂತಿರುಗುವ ಗಂಟೆಯನ್ನು ಹೊರಡುವ ಮೊದಲೇ ಗೊತ್ತುಮಾಡಿ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ 9 ಚಾರಣಿಗರು ತೀರಿಹೋದರು. ಅದು ಚಳಿಗಾಲವೂ ಆಗಿರಲಿಲ್ಲ. ಹಿಮದಲ್ಲಿ ಹವೆ ಕೆಡಲು ಒಂದೆರಡು ಗಂಟೆ ಸಾಕು. ನೆತ್ತಿ ಎದುರಿಗೇ ಕಾಣುತ್ತಿದ್ದರೂ ಗೈಡ್ ಹಿಂದಿರುಗಿ ಎಂದರೆ ಹಿಂದಿರುಗಬೇಕು, ವಾದ ಬೇಡ. ಕರೆದೊಯ್ಯುವವರನ್ನು ಹಣ ಕಟ್ಟುವ ಮುನ್ನವೇ ಕೇಳಿ: ಜೊತೆಗೆ ಆಕ್ಸಿಜನ್ ಸಿಲಿಂಡರ್ ಇರುತ್ತದೆಯೇ, ಗೈಡ್ ಎಲ್ಲಿ ತರಬೇತಿ ಪಡೆದವರು, ಹವೆ ಕೆಟ್ಟರೆ ವಾಪಸಾಗುವ ತೀರ್ಮಾನ ಯಾರದು? ಉತ್ತರ ಹಾರಿಕೆಯದಾದರೆ ಅವರ ಜೊತೆ ಹೋಗಬೇಡಿ.