ಸೋರೆ, ಸೌತೆ, ಹಾಗಲ: ಒಂದೇ ಬಳಗ, ಎರಡು ಬಗೆಯ ಕಹಿ

ಬೆಳಿಗ್ಗೆ ತರಕಾರಿ ಗೋಣಿ ಬಿಚ್ಚುವಾಗ ನಮ್ಮ ಮುಂಬಯಿ ಅಡುಗೆಮನೆಯಲ್ಲಿ ಸೋರೆ ‘ದೂಧಿ’, ತೊಂಡೆ ‘ತೋಂಡ್ಲಿ’, ಹಾಗಲ ‘ಕಾರ್ಲಿ’, ಸಿಹಿಕುಂಬಳ ‘ಲಾಲ್ ಭೋಪ್ಳಾ’. ಊರಿನ ಹೆಸರಾಗಲಿ, ವಾಶಿ ಮಾರುಕಟ್ಟೆಯ ಹೆಸರಾಗಲಿ, ಇವೆಲ್ಲ ಒಂದೇ ಕುಟುಂಬದವು. ಸಸ್ಯಶಾಸ್ತ್ರದಲ್ಲಿ ಈ ಕುಟುಂಬಕ್ಕೆ ಕುಕುರ್ಬಿಟೇಸಿ ಎಂದು ಹೆಸರು. ಫ್ರಾನ್ಸಿನ ಸಸ್ಯವಿಜ್ಞಾನಿ ಜುಸ್ಸಿಯೂ 1789ರಲ್ಲಿ ಇದನ್ನು ಪ್ರತ್ಯೇಕ ಕುಟುಂಬವಾಗಿ ವರ್ಗೀಕರಿಸಿದರು. ಇಂದು ಇದರಲ್ಲಿ 900ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ.

ಇವುಗಳ ಗುರುತು ಸುಲಭ. ಸುರುಳಿ ಸುತ್ತುವ ಕುಡಿಗಳಿಂದ ಆಸರೆ ಹಿಡಿದು ಹಬ್ಬುವ ಬಳ್ಳಿ. ಗಂಡುಹೂವು, ಹೆಣ್ಣುಹೂವು ಬೇರೆ ಬೇರೆ. ಹೆಣ್ಣುಹೂವಿನ ಬುಡದಲ್ಲಿ ಪುಟ್ಟ ಕಾಯಿಯ ರೂಪ ಮೊದಲೇ ಇರುತ್ತದೆ. ತೊಂಡೆ, ಮಡಹಾಗಲಗಳಲ್ಲಂತೂ ಗಂಡು ಬಳ್ಳಿ, ಹೆಣ್ಣು ಬಳ್ಳಿಯೇ ಬೇರೆ.

ಹೆಸರನ್ನು ನಂಬಿದರೆ ಮೋಸ ಹೋಗುತ್ತೇವೆ. ಸೀಮೆಬದನೆ ಬದನೆಯ ಜಾತಿಯಲ್ಲ, ಅಮೆರಿಕ ಖಂಡದಿಂದ ಬಂದ ಇದೇ ಬಳಗದ ಕಾಯಿ. ನಾವು ಮಾಟುಂಗಾದಿಂದ ತರಿಸುವ ಮಂಗಳೂರು ಸೌತೆ, ಸಲಾಡಿನ ಸೌತೆಗಿಂತ ಖರ್ಬೂಜಕ್ಕೇ ಹತ್ತಿರದ ಸಂಬಂಧಿ.

ಹೋಟೆಲಿನವರಾದ ನಮಗೆ ಈ ಸಂಬಂಧ ತಿಳಿದಿರಲೇಬೇಕಾದ ಕಾರಣ ಒಂದಿದೆ. ಈ ಬಳಗದ ಗಿಡಗಳು ಹುಳ ಹುಪ್ಪಟೆಗಳಿಂದ ರಕ್ಷಣೆಗಾಗಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷವಸ್ತು ತಯಾರಿಸುತ್ತವೆ. ಬೇಸಾಯದ ತಳಿಗಳ ಕಾಯಿಯಲ್ಲಿ ಅದು ತೀರಾ ಕಡಿಮೆ. ಆದರೆ ನೀರಿನ ಕೊರತೆ, ವಿಪರೀತ ಬಿಸಿಲಿನಂಥ ಸಂದರ್ಭದಲ್ಲಿ ಹೆಚ್ಚಬಹುದು. ಹಾಗಲದ ಕಹಿ ಅದರ ಸಹಜ ಗುಣ. ಸೋರೆಯ ಕಹಿ ಅಪಾಯದ ಸೂಚನೆ. ಕಹಿ ಸೋರೆಯ ರಸ ಕುಡಿದವರಿಗೆ ಹೊಟ್ಟೆನೋವು, ವಾಂತಿ, ಭೇದಿ, ರಕ್ತವಾಂತಿ ಆಗಿದ್ದಿದೆ. ನಮ್ಮ ದೇಶದಲ್ಲಿ ಸಾವುಗಳೂ ಸಂಭವಿಸಿವೆ. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನೇಮಿಸಿದ ತಜ್ಞರ ಸಮಿತಿಯೂ ಕಹಿ ರಸವನ್ನು ಕುಡಿಯಲೇಬಾರದೆಂದು ಎಚ್ಚರಿಸಿದೆ.

ನೋಡಿದರೆ ಕಹಿ ಕಾಯಿ ಯಾವುದೆಂದು ಗೊತ್ತಾಗದು. ಆದ್ದರಿಂದ ಸಾಂಬಾರಿಗಾಗಲಿ, ದೂಧಿ ಹಲ್ವಕ್ಕಾಗಲಿ, ಜ್ಯೂಸ್ ಕೌಂಟರಿಗಾಗಲಿ, ಪ್ರತಿ ಸೋರೆಯ ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ, ಉಗುಳುವಂತೆ ಭಟ್ಟರಿಗೆ, ಹೆಚ್ಚುವ ಹುಡುಗರಿಗೆ ಹೇಳಿಡೋಣ. ಸೌತೆಗೂ ಇದೇ ಕ್ರಮ ಇರಲಿ. ಕಹಿಯಿದ್ದರೆ ಇಡೀ ಕಾಯಿ ಎಸೆಯಬೇಕು. ಬೇಯಿಸಿದರೂ ಈ ವಿಷ ಹೋಗದು; ಬೆಲ್ಲ, ಸಕ್ಕರೆ ಹಾಕಿದರೆ ಕಹಿ ಮರೆಯಾಗುತ್ತದೆಯೇ ಹೊರತು ಅಪಾಯ ಕಡಿಮೆಯಾಗುವುದಿಲ್ಲ. ಒಂದು ಕಾಯಿಯ ನಷ್ಟ ನಾವು ತಡೆದುಕೊಳ್ಳಬಹುದು; ನಮ್ಮನ್ನು ನಂಬಿ ಉಣ್ಣಲು ಬಂದವರ ಜೀವಕ್ಕೆ ಬೆಲೆ ಕಟ್ಟಲಾಗದು.