ಹಳೆಯ ಮೋಟಾರಿನ ಬಾಳಿಕೆ: ಒಂದು ಪರಿಶೀಲನೆ

ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಮೊದಮೊದಲು ಕಲಿಯುವ ಮಾತುಗಳಲ್ಲಿ 'ಸವಕಳಿ' ಎಂಬುದೂ ಒಂದು. ಯಂತ್ರವು ದುಡಿಯುತ್ತ ದುಡಿಯುತ್ತ ತನ್ನ ಬೆಲೆಯನ್ನು ಕಳೆದುಕೊಳ್ಳುತ್ತದೆ. ಆ ನಷ್ಟವನ್ನು ವರ್ಷವರ್ಷವೂ ಲೆಕ್ಕಕ್ಕೆ ಹಿಡಿಯಬೇಕು. ಇಷ್ಟನ್ನು ಪರೀಕ್ಷೆಯ ಸಲುವಾಗಿ ನಾವೆಲ್ಲರೂ ಬಾಯಿಪಾಠ ಮಾಡಿದ್ದೇವೆ. ಆದರೆ ಬೆಲೆ ಇಳಿಯುವುದು ಬೇರೆ, ಯಂತ್ರ ಸವೆಯುವುದು ಬೇರೆ. ಎರಡೂ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಈ ಭೇದವನ್ನು ಕಣ್ಣಾರೆ ಕಾಣಬೇಕೆನ್ನುವವರು ನಮ್ಮ ಕ್ಯಾತ್ಸಂದ್ರದ ಹೆದ್ದಾರಿಯ ಬದಿಯಲ್ಲಿ ಅರ್ಧ ಗಂಟೆ ನಿಂತರೆ ಸಾಕು. ತಟ್ಟೆ ಇಡ್ಲಿಗೆಂದು ನಿಲ್ಲುವ ವಾಹನಗಳ ನಡುವೆ ಹನ್ನೆರಡು, ಹದಿನೈದು ವರ್ಷ ತುಂಬಿದ ಭಾರಿ ಫಾರ್ಚೂನರುಗಳು ಇಂದಿಗೂ ಠೀವಿಯಿಂದಲೇ ಬಂದು ನಿಲ್ಲುತ್ತವೆ. ಬೆಲೆ ಎಂದೋ ಇಳಿದಿದೆ, ಗಾಂಭೀರ್ಯ ಇಳಿದಿಲ್ಲ. ಅಪಾಯವಿರುವುದೂ ಅಲ್ಲಿಯೇ.

ಈ ವಿಷಯವನ್ನು ನಾನು ಆರಿಸಿಕೊಂಡದ್ದು ಕುತೂಹಲಕ್ಕಾಗಿ ಮಾತ್ರವಲ್ಲ. ಗುಬ್ಬಿ ತಾಲ್ಲೂಕಿನಲ್ಲಿ ತೆಂಗಿನ ತೋಟವಿರುವ ನನ್ನ ಸೋದರಮಾವನವರಿಗೆ 2025ರಲ್ಲಿ ಕೊಬ್ಬರಿಯ ಧಾರಣೆ ಏರಿದಾಗ ನಾಲ್ಕು ಕಾಸು ಕೈಯಲ್ಲಿ ನಿಂತಿತು. ಹೊಸ ಕೊಳವೆಬಾವಿಗೆಂದು ತೆಗೆದಿಟ್ಟ ಹಣವದು. ಅಷ್ಟರಲ್ಲಿ 2011ರ ಫಾರ್ಚೂನರೊಂದು ಎಂಟು ಲಕ್ಷಕ್ಕೆ ಸಿಗುತ್ತದೆಂಬ ಸುದ್ದಿ ಬಂತು. ಹೊಸದಕ್ಕೆ ಮೂವತ್ತು ಲಕ್ಷಕ್ಕೂ ಮೇಲಿರುವಾಗ ಇದು ಲಾಭವಲ್ಲವೇ ಎಂಬುದು ಅವರ ವಾದ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನಾದ್ದರಿಂದ ಯಾವ ಕಾಗದ ಬಂದರೂ, ಯಾವ ಲೆಕ್ಕ ಬಿದ್ದರೂ ನನ್ನ ಮುಂದೆಯೇ ಬರುವುದು ವಾಡಿಕೆ. "ಓದಿದವನು ನೀನಿದ್ದೀಯಲ್ಲಪ್ಪ, ಲೆಕ್ಕ ಹಾಕಿ ಹೇಳು" ಎಂದರು. ನನ್ನ ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಆದುದರಿಂದ ನಮ್ಮೂರಿನ ಗ್ಯಾರೇಜಿನ ಮೇಸ್ತ್ರಿಯೊಬ್ಬರ ಬಳಿ ಕೆಲವು ಭಾನುವಾರಗಳನ್ನು ಕಳೆದೆನು.

ಈ ಗಾಡಿಯ ಹುಟ್ಟು ನಮ್ಮ ನಾಡಿನಲ್ಲಿಯೇ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆ 1997ರಲ್ಲಿ ಸ್ಥಾಪಿತವಾಯಿತು. 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ, 2009ರ ಆಗಸ್ಟಿನಲ್ಲಿ ಫಾರ್ಚೂನರ್ ಬಂದವು. ಮೊದಲ ಫಾರ್ಚೂನರಿನಲ್ಲಿ ಮೂರು ಲೀಟರಿನ, ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ನು; ನಾಲ್ಕು ಚಕ್ರಗಳಿಗೂ ಸದಾ ಚಾಲನೆ. ಲಾರಿಗಿರುವಂತೆ ಪ್ರತ್ಯೇಕವಾದ ಉಕ್ಕಿನ ಚಾಸಿಯ ಮೇಲೆ ಮೈಯನ್ನು ಕೂರಿಸಿದ ರಚನೆ ಇದರದು. ಇನ್ನೋವಾದ ತಳಹದಿಯೂ ಇದೇ ಕುಟುಂಬಕ್ಕೆ ಸೇರಿದುದರಿಂದ ಕೈಪಳಗಿದ ಮೇಸ್ತ್ರಿಗಳು ಎಲ್ಲೆಡೆ ಸಿಗುತ್ತಾರೆ. ಬಾಳಿಕೆಯ ವಿಷಯದಲ್ಲಿ ಇದು ದೊಡ್ಡ ಅನುಕೂಲ. ಗಾಳಿಚೀಲದ ಸಸ್ಪೆನ್ಷನ್ ಇರುವ ಐರೋಪ್ಯ ಗಾಡಿಗಳಲ್ಲಿ ಆ ರಬ್ಬರ್ ಚೀಲ ವಯಸ್ಸಾಗಿ ಸೋರಲು ತೊಡಗಿದರೆ, ಅದಕ್ಕೆ ಗಾಳಿ ತುಂಬುವ ಕಂಪ್ರೆಸರು ಬಿಡುವಿಲ್ಲದೆ ದುಡಿದು ಸುಟ್ಟುಹೋಗುತ್ತದೆ. ಫಾರ್ಚೂನರಿನಲ್ಲಿರುವುದು ಬರಿಯ ಉಕ್ಕಿನ ಸುರುಳಿ. ಸುಖ ಕಡಮೆ, ಚಿಂತೆಯೂ ಕಡಮೆ.

ಹಾಗಾದರೆ ಮುಪ್ಪು ಎಲ್ಲಿಂದ ಬರುತ್ತದೆ? ಕಬ್ಬಿಣದಿಂದಲ್ಲ, ರಬ್ಬರಿನಿಂದ. ವಿಮೆಯ ನಿಯಮಗಳೇ ಇದನ್ನು ಒಪ್ಪಿಕೊಂಡಿವೆ. ಅಪಘಾತದ ರಿಪೇರಿಗೆ ಹಣ ಕೊಡುವಾಗ ರಬ್ಬರು, ಪ್ಲಾಸ್ಟಿಕ್ಕು, ಟೈರು, ಬ್ಯಾಟರಿಗಳಿಗೆ ಶೇಕಡ 50ರಷ್ಟು ಸವಕಳಿಯನ್ನು ಮುರಿದುಕೊಳ್ಳುತ್ತಾರೆ. ಗಾಜಿಗೆ ಏನೂ ಮುರಿಯುವುದಿಲ್ಲ. ಲೋಹದ ಭಾಗಗಳಿಗೆ ಶೇಕಡ 50 ಮುರಿಯಬೇಕಾದರೆ ಗಾಡಿಗೆ ಹತ್ತು ವರ್ಷ ದಾಟಿರಬೇಕು. ಬುಷ್ಷು, ಹೋಸ್ ಪೈಪು, ಆಯಿಲ್ ಸೀಲು ಇವು ಗಾಡಿ ಓಡಲಿ, ಶೆಡ್ಡಿನಲ್ಲಿ ನಿಂತಿರಲಿ, ಬಿಸಿಲಿಗೂ ಕಾಲಕ್ಕೂ ಸೀಳುತ್ತವೆ. 'ಕಡಮೆ ಓಡಿದ ಗಾಡಿ' ಎಂಬ ಜಾಹೀರಾತಿನ ಮಾತು ಅರ್ಧ ಸತ್ಯವೆನ್ನುವುದು ಇದಕ್ಕಾಗಿಯೇ. ಟೈರಿನ ವಯಸ್ಸನ್ನಂತೂ ಯಾರೂ ಓದಿಕೊಳ್ಳಬಹುದು. ಅದರ ಪಕ್ಕೆಯಲ್ಲಿ ನಾಲ್ಕು ಅಂಕಿಗಳನ್ನು ಅಚ್ಚೊತ್ತಿರುತ್ತಾರೆ: 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರ. ಹಲ್ಲು ಎಷ್ಟೇ ಚೆನ್ನಾಗಿರಲಿ, ಪಕ್ಕೆ ಬಿರಿದ ಟೈರು ಹೆದ್ದಾರಿಯ ವೇಗಕ್ಕೆ ತಕ್ಕುದಲ್ಲ. ಬ್ರೇಕಿನ ಎಣ್ಣೆಯೂ ಹಾಗೆಯೇ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ; ತೇವ ಸೇರಿದಷ್ಟೂ ಅದರ ಕುದಿಯುವ ಬಿಂದು ಇಳಿಯುತ್ತದೆ. ದೇವರಾಯನದುರ್ಗದ ಇಳಿಜಾರಿನಲ್ಲಿ ಬ್ರೇಕು ಕಾದಾಗ ಅದು ಕುದಿದು ಆವಿಯಾದರೆ ಪೆಡಲು ಹೂವಿನಂತೆ ಮೆತ್ತಗಾಗಿ ಕೆಳಗಿಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವ ಈ ಅಗ್ಗದ ಕೆಲಸವನ್ನೇ ಹೆಚ್ಚಿನವರು ಮರೆಯುತ್ತಾರೆ.

ನಮ್ಮ ಸೀಮೆಗೆ ವಿಶೇಷವಾದ ತೊಂದರೆಯೊಂದುಂಟು, ಅದು ನೀರಿನದು. ಕೊಳವೆಬಾವಿಯ ಗಡಸು ನೀರನ್ನು ಕಾಯಿಸುವ ಬಚ್ಚಲ ಹಂಡೆಯ ಒಳಮೈಯಲ್ಲಿ ಬಿಳಿಯ ಹಕ್ಕಳೆ ಕಟ್ಟುವುದನ್ನು ಬಲ್ಲದವರಿಲ್ಲ. ರೇಡಿಯೇಟರಿಗೂ ಅದೇ ನೀರನ್ನು ಸುರಿದರೆ ಅದರ ಸಣ್ಣ ನಾಳಗಳಲ್ಲಿಯೂ ಅದೇ ಹಕ್ಕಳೆ ಕಟ್ಟುತ್ತದೆ, ಶಾಖ ಹೊರಹೋಗದು. ಕೂಲೆಂಟಿನಲ್ಲಿರುವ ಗ್ಲೈಕಾಲು ನೀರಿನ ಕುದಿಯುವ ಬಿಂದುವನ್ನು ಏರಿಸುತ್ತದೆ. ಜೊತೆಗಿರುವ ರಾಸಾಯನಿಕಗಳು ತುಕ್ಕನ್ನು ತಡೆಯುತ್ತವೆ. ಎಂಜಿನ್ನು ಒಮ್ಮೆ ಮಿತಿಮೀರಿ ಕಾದರೆ ಅಲ್ಯೂಮಿನಿಯಮ್ಮಿನ ಹೆಡ್ಡು ಸೊಟ್ಟಗಾಗಬಹುದು. ಆಮೇಲಿನ ಖರ್ಚಿನ ಮುಂದೆ ಹತ್ತು ವರ್ಷದ ಕೂಲೆಂಟಿನ ಖರ್ಚೂ ಲೆಕ್ಕಕ್ಕಿಲ್ಲ. ಮಾವನವರು ನೋಡಿದ ಗಾಡಿಯ ಮುಚ್ಚಳವನ್ನು, ಎಂಜಿನ್ನು ಪೂರ್ಣ ತಣ್ಣಗಿದ್ದಾಗ, ಮೇಸ್ತ್ರಿ ತೆರೆದು ತೋರಿಸಿದರು. ಗುಲಾಬಿ ಬಣ್ಣದ ಕೂಲೆಂಟು ಇರಬೇಕಾದಲ್ಲಿ ಕಾವಿ ಬಣ್ಣದ ನೀರಿತ್ತು. "ಯಜಮಾನ್ರೇ, ಮೀಟರು ಸುಳ್ಳು ಹೇಳಬಹುದು, ಇದು ಹೇಳಲ್ಲ" ಎಂದರು.

ಎಂಜಿನ್ನಿನೊಳಗೆ ಎರಡು ಸಂಗತಿಗಳನ್ನು ತಪ್ಪದೆ ವಿಚಾರಿಸಬೇಕು. ಒಂದನೆಯದು ಟೈಮಿಂಗ್ ಬೆಲ್ಟು. ವಾಲ್ವುಗಳೂ ಪಿಸ್ಟನ್ನುಗಳೂ ತಾಳ ತಪ್ಪದಂತೆ ನಡೆಯಲು ಆಧಾರ ಈ ಹಲ್ಲಿನ ರಬ್ಬರ್ ಪಟ್ಟಿಯೇ. ಅದು ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನು ಒಂದು ಕ್ಷಣದಲ್ಲಿ ಹಾಳಾಗುತ್ತದೆ. ಹರಿಯುವ ಮುನ್ನ ಬಹುಮಟ್ಟಿಗೆ ಯಾವ ಸದ್ದನ್ನೂ ಅದು ಮಾಡುವುದಿಲ್ಲ. ಇದೇ ಎಂಜಿನ್ನಿಗೆ ಆಸ್ಟ್ರೇಲಿಯದಲ್ಲಿ ಒಂದೂವರೆ ಲಕ್ಷ ಕಿಲೋಮೀಟರಿಗೆ ಬೆಲ್ಟು ಬದಲಿಸಬೇಕೆಂಬ ಗಡುವಿದೆ. 2016ರಲ್ಲಿ ಬಂದ ಎರಡನೆಯ ತಲೆಮಾರಿನ ಎಂಜಿನ್ನಿನಲ್ಲಿ ಬೆಲ್ಟಿನ ಬದಲು ಸರಪಳಿ ಇರುವುದರಿಂದ ಆ ಗೊಡವೆಯಿಲ್ಲ. ಎರಡನೆಯದು ಇಂಜೆಕ್ಟರು. ಅದರ ಬುಡದಲ್ಲಿರುವ ತಾಮ್ರದ ವಾಷರು ಸೋರಿದರೆ ಉರಿದ ಅನಿಲದ ಮಸಿ ಎಂಜಿನ್ ಆಯಿಲಿಗೆ ಬೆರೆಯುತ್ತದೆ. ಮಸಿ ಗಟ್ಟಿಯಾಗಿ ಆಯಿಲ್ ಹೀರುವ ಜಾಲರಿಯನ್ನು ಮುಚ್ಚಿದರೆ ಎಣ್ಣೆಯಿಲ್ಲದ ಗಾಣದ ಗತಿ. ಈ ಎಂಜಿನ್ ಕುಟುಂಬದ ಹಳೆಯ ಗಾಡಿಗಳಲ್ಲಿ ಇದು ಹಲವು ದೇಶಗಳಲ್ಲಿ ಕಂಡುಬಂದ ದೋಷ. ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸಿ, ಇಂಜೆಕ್ಟರುಗಳನ್ನು ಪರೀಕ್ಷಿಸುತ್ತ ಬಂದ ಗಾಡಿ ಇನ್ನೂ ಬಹುದೂರ ಓಡುತ್ತದೆ. ಹಾಗೆ ಮಾಡದ ಗಾಡಿ ಮೇಲ್ನೋಟಕ್ಕೆ ಅದರ ಅಣ್ಣತಮ್ಮನಂತೆಯೇ ಇರುತ್ತದೆ.

ಇಲ್ಲಿ ಅರ್ಥಶಾಸ್ತ್ರ ಮತ್ತೆ ಪ್ರವೇಶಿಸುತ್ತದೆ. 1970ರಲ್ಲಿ ಜಾರ್ಜ್ ಅಕರ್‌ಲಾಫ್ ಎಂಬ ಅಮೆರಿಕದ ವಿದ್ವಾಂಸರು ಹಳೆಯ ಕಾರುಗಳ ಪೇಟೆಯನ್ನೇ ಉದಾಹರಣೆಯಾಗಿ ಹಿಡಿದು ಒಂದು ಪ್ರಬಂಧವನ್ನು ಬರೆದರು. 2001ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ಬಂತು. ಅವರ ವಾದ ಸರಳವಾದುದು. ಗಾಡಿಯ ಗುಣದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಸರಾಸರಿ ಬೆಲೆಯನ್ನಷ್ಟೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯ ಒಡೆಯನು ಮಾರಲೊಪ್ಪುವುದಿಲ್ಲ. ಕೆಟ್ಟವೇ ಪೇಟೆಯಲ್ಲಿ ಉಳಿಯುತ್ತವೆ. ಕೆಟ್ಟ ಕಾರನ್ನು ಅಮೆರಿಕನ್ನರು 'ನಿಂಬೆಹಣ್ಣು' ಎನ್ನುತ್ತಾರಂತೆ. ನಾವಾದರೋ ನಿಂಬೆಹಣ್ಣನ್ನು ಚಕ್ರದ ಕೆಳಗಿಟ್ಟು ಪೂಜೆ ಮಾಡಿ ಮನೆಗೆ ತರುತ್ತೇವೆ! ಈ ಅಜ್ಞಾನಕ್ಕೆ ಮದ್ದೆಂದರೆ ಬಿಲ್ಲುಗಳ ಕಡತ. ಒಡೆಯನ ಸಿಹಿಮಾತಿಗಿಂತ ಹತ್ತು ವರ್ಷದ ಸರ್ವೀಸ್ ಬಿಲ್ಲುಗಳಿಗೆ ಹೆಚ್ಚು ಬೆಲೆ ಕೊಡಬೇಕೆಂದು ನನ್ನ ಅಭಿಪ್ರಾಯ.

ಕಾನೂನಿನ ಲೆಕ್ಕವೂ ಉಂಟು. 1988ರ ಮೋಟಾರು ವಾಹನ ಕಾಯಿದೆಯಂತೆ ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ನವೀಕರಣದ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ನಮ್ಮ ರಾಜ್ಯದ ಹಸಿರು ತೆರಿಗೆ ಬೇರೆ. 2011ರ ಗಾಡಿಗೆ ಈ ಗಡುವು 2026ರಲ್ಲಿಯೇ. ದೆಹಲಿಯ ಕಡೆಯ ಗಾಡಿಗಳು ಅಗ್ಗವೆಂದು ಆಸೆಪಡುವವರೂ ಇದ್ದಾರೆ. ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಅಲ್ಲಿ ನಿಷೇಧಿಸಿತು, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅಲ್ಲಿಂದಲೇ ಆ ಅಗ್ಗ. ಆದರೆ ಇಲ್ಲಿ ಕೆಎ 06 ಸಂಖ್ಯೆ ಪಡೆಯುವ ಮುನ್ನ ಮತ್ತೆ ತೆರಿಗೆ ಕಟ್ಟಬೇಕಾಗುವುದರಿಂದ ಉಳಿತಾಯದ ಬಹುಭಾಗ ಕರಗುತ್ತದೆ.

ಮಾವನವರ ಮುಂದೆ ನಾನಿಟ್ಟ ಲೆಕ್ಕ ಇಷ್ಟೇ. ಬೆಲ್ಟು, ರೇಡಿಯೇಟರು, ಬುಷ್ಷುಗಳು, ಐದು ಟೈರು, ಇಂಜೆಕ್ಟರಿನ ಪರೀಕ್ಷೆ ಎಲ್ಲ ಸೇರಿ ಮೇಸ್ತ್ರಿ ಹೇಳಿದ್ದು ಎರಡು ಲಕ್ಷದ ಹತ್ತಿರ. ಅಂದರೆ ಗಾಡಿಯ ಬೆಲೆ ಎಂಟಲ್ಲ, ಹತ್ತು. ಅದರ ಮೇಲೆ ತಿಂಗಳಿಗೆ ಐದು ಸಾವಿರದಂತೆ ವರ್ಷಕ್ಕೆ ಅರವತ್ತು ಸಾವಿರವನ್ನು ಬೇರೆ ಡಬ್ಬಿಯಲ್ಲಿ ಇಡಬೇಕು. ಹೊಸ ಗಾಡಿಯ ಕಂತಿಗೆ ಹೋಲಿಸಿದರೆ ಇದು ಹೆಚ್ಚಲ್ಲ, ನಿಜ. ಆದರೆ ಕಂತಿಗೆ ತಾರೀಖುಂಟು, ರಿಪೇರಿಗೆ ತಾರೀಖಿಲ್ಲ. ಅದು ಕೊಬ್ಬರಿ ಮಾರಿದ ತಿಂಗಳನ್ನೇ ನೋಡಿಕೊಂಡು ಬರುವುದಿಲ್ಲ. ವರಮಾನ ವರ್ಷಕ್ಕೆರಡು ಬಾರಿ ಬರುವ ರೈತನಿಗೂ ತಿಂಗಳ ಸಂಬಳದವನಿಗೂ ಈ ಒಂದು ಗಾಡಿ ಒಂದೇ ಬೆಲೆಯದಲ್ಲ.

ಇಂಜೆಕ್ಟರುಗಳನ್ನು ಬಿಚ್ಚಿ ನೋಡಲು ಆ ಒಡೆಯರು ಒಪ್ಪಲಿಲ್ಲ. ಮಾತು ಅಲ್ಲಿಗೆ ಮುರಿಯಿತು. ಕೊಳವೆಬಾವಿಯ ಹಣ ಸದ್ಯಕ್ಕೆ ಬ್ಯಾಂಕಿನಲ್ಲಿಯೇ ಇದೆ. ಮಾವನವರು ಈಗ ಕುಣಿಗಲ್ ಕಡೆಯ 2013ರ ಇನ್ನೊಂದು ಗಾಡಿಯ ಸುದ್ದಿ ತಂದಿದ್ದಾರೆ. ಬಿಲ್ಲುಗಳ ಕಡತವಿದೆಯಂತೆ, ಬೆಲ್ಟಿನ ಬಿಲ್ಲು ಮಾತ್ರ ಇನ್ನೂ ಸಿಕ್ಕಿಲ್ಲ.