ಖುಜ್ಜುತ್ತರೆಯ ನಾಲ್ಕು ನಾಣ್ಯ, ಅಮ್ಮನ ಟ್ರಂಕಿನ ಪುಸ್ತಕ



ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ಕಳೆದ ಭಾನುವಾರ ಕಾವೂರಿನ ನಮ್ಮ ಕೂಟದಲ್ಲಿ ದಾನದ ವಿಷಯ ಬಂದಾಗ ಎಲ್ಲರ ಬಾಯಲ್ಲೂ ವಿಶಾಖೆಯ ಹೆಸರೇ ಬಂತು. ಸಾವತ್ಥಿಯಲ್ಲಿ ಪುಬ್ಬಾರಾಮ ಕಟ್ಟಿಸಿಕೊಟ್ಟವಳು, ದಾನ ಮಾಡುವ ಉಪಾಸಿಕೆಯರಲ್ಲಿ ಅಗ್ರಳು ಎಂದು ಭಗವಾನರಿಂದಲೇ ಹೇಳಿಸಿಕೊಂಡವಳು. ಆಗ ನಮ್ಮ ಹಿರಿಯರೊಬ್ಬರು, "ಅವಳಲ್ಲಿ ಇತ್ತು, ಕೊಟ್ಟಳು. ಕೊಡಲಿಕ್ಕೆ ಏನೂ ಇಲ್ಲದವರು ಏನು ಮಾಡಬೇಕು?" ಎಂದು ಕೇಳಿದರು. ಅಷ್ಟರಲ್ಲಿ ಚಹಾ ಬಂತು, ಪ್ರಶ್ನೆ ಅಲ್ಲೇ ಉಳಿಯಿತು. ವಾರವಿಡೀ ಅದು ನನ್ನ ತಲೆಯಲ್ಲಿತ್ತು. ವಿಶಾಖೆಯನ್ನು ಬದಿಗಿಟ್ಟು ಇನ್ನೊಬ್ಬ ಉಪಾಸಿಕೆಯ ಕಥೆ ಹೇಳುತ್ತೇನೆ.

ಖುಜ್ಜುತ್ತರೆ ಕೋಸಂಬಿಯ ದಾಸಿ. ಹೆಸರಿನಲ್ಲಿರುವ 'ಖುಜ್ಜ' ಎಂದರೆ ಗೂನುಬೆನ್ನಿನವಳು ಎಂದೇ ಅರ್ಥ. ಉದೇನ ರಾಜನ ರಾಣಿ ಸಾಮಾವತಿಗೆ ದಿನಾ ಹೂವು ತಂದುಕೊಡುವುದು ಅವಳ ಕೆಲಸ. ಹೂವಿಗೆಂದು ದಿನಕ್ಕೆ 8 ನಾಣ್ಯ ಸಿಗುತ್ತಿತ್ತು. ಅವಳು 4 ನಾಣ್ಯಕ್ಕೆ ಹೂವು ಕೊಂಡು, ಉಳಿದ 4 ನಾಣ್ಯ ತಾನೇ ಇಟ್ಟುಕೊಳ್ಳುತ್ತಿದ್ದಳು. ಒಂದು ದಿನ ಹೂವಾಡಿಗ ಸುಮನನ ಮನೆಗೆ ಭಗವಾನರು ಭೋಜನಕ್ಕೆ ಬಂದಿದ್ದರು. ಹೂವಿಗಾಗಿ ಹೋದವಳು ಅಲ್ಲೇ ನಿಂತು ಉಪದೇಶ ಕೇಳಿದಳು, ಕೇಳುತ್ತಲೇ ಸೋತಾಪನ್ನಳಾದಳು ಎಂದು ಅಟ್ಠಕಥೆ ಹೇಳುತ್ತದೆ. ಅಂದು 8 ನಾಣ್ಯಕ್ಕೂ ಹೂವು ಕೊಂಡಳು. ಬುಟ್ಟಿ ತುಂಬಿ ಬಂದ ಹೂವು ನೋಡಿ ರಾಣಿ, "ಇಂದು ರಾಜರು ಹೆಚ್ಚು ಹಣ ಕೊಟ್ಟರೇ?" ಎಂದು ಕೇಳಿದಳು. ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಇವಳು ಇಷ್ಟು ದಿನ ಮಾಡಿದ್ದನ್ನೆಲ್ಲ ಒಪ್ಪಿಕೊಂಡಳು.

ಮುಂದೆ ನಡೆದದ್ದು ನನಗೆ ಬಹಳ ಇಷ್ಟ. ರಾಣಿ ಶಿಕ್ಷೆ ಕೊಡಲಿಲ್ಲ, ನೀನು ಕೇಳಿದ್ದನ್ನು ನಮಗೂ ಹೇಳು ಎಂದಳು. ದಾಸಿಗೆ ಸುಗಂಧದ ನೀರಿನ ಸ್ನಾನ ಮಾಡಿಸಿ, ಹೊಸ ಬಟ್ಟೆ ಕೊಟ್ಟು, ಎತ್ತರದ ಪೀಠದಲ್ಲಿ ಕೂರಿಸಿ, ರಾಣಿವಾಸದ ಹೆಂಗಸರೆಲ್ಲ ಕೆಳಗೆ ಕುಳಿತು ಕೇಳಿದರು. ಅವರಿಗೆ ಅರಮನೆ ಬಿಟ್ಟು ಹೊರಗೆ ಹೋಗುವಂತಿರಲಿಲ್ಲ. ಅಂದಿನಿಂದ ಖುಜ್ಜುತ್ತರೆ ದಿನಾ ಹೋಗಿ ಕೇಳುವುದು, ಬಂದು ಹಾಗೆಯೇ ಒಪ್ಪಿಸುವುದು. 'ಇತಿವುತ್ತಕ'ದ 112 ಸುತ್ತಗಳು ಅವಳು ಹೀಗೆ ನೆನಪಿನಲ್ಲಿ ಹಿಡಿದು ತಂದವು ಎಂಬುದು ಪರಂಪರೆ. ಬಹುಶ್ರುತ ಉಪಾಸಿಕೆಯರಲ್ಲಿ ಅಗ್ರಸ್ಥಾನ ಅವಳದು. ತಿಪಿಟಕ ಓಲೆಗರಿಗೆ ಇಳಿದದ್ದು ಸಿಂಹಳದಲ್ಲಿ, ನೂರಾರು ವರ್ಷಗಳ ನಂತರ. ಅಲ್ಲಿಯವರೆಗೆ ಗ್ರಂಥಾಲಯ ಎಂದರೆ ಇಂಥ ಮನುಷ್ಯರೇ.

ಈ ಕಥೆ ಓದಿದಾಗಲೆಲ್ಲ ನನಗೆ ನೆನಪಾಗುವುದು ನನ್ನ ಅಮ್ಮ.

ಅಮ್ಮ 27 ವರ್ಷ ಒಂದು ಸಣ್ಣ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡಿದಳು. ಎರಡು ಕೋಣೆ, ಒಂದು ಉದ್ದ ಬೆಂಚು, ಬೆಳಿಗ್ಗೆ ಪೇಪರ್ ಓದಲು ಬರುವ ನಾಲ್ಕು ಜನ ಅಜ್ಜಂದಿರು. ನಮ್ಮ ಊರಿನ ಮಳೆಗಾಲ ನಿಮಗೆ ಗೊತ್ತಿದೆ. ಜೂನ್ ಬಂತೆಂದರೆ ಪುಸ್ತಕದ ರಟ್ಟಿಗೆ ಬೂಸು ಹಿಡಿಯುತ್ತದೆ. ಅಮ್ಮ ಹಳೆಯ ಸೀರೆಯ ತುಂಡಿನಲ್ಲಿ ಒಂದೊಂದನ್ನೇ ಒರೆಸಿ, ಬಿಸಿಲು ಬಿದ್ದ ದಿನ ಕಿಟಕಿಯ ಬಳಿ ತೆರೆದಿಡುತ್ತಿದ್ದಳು. ಬುದ್ಧನ ಪುಸ್ತಕ ಬೇಕೆಂದರೆ ಕಣ್ಣು ಮುಚ್ಚಿ 294.3ರ ಕಪಾಟಿಗೆ ಕೈ ಹಾಕುತ್ತಿದ್ದಳು. ಬೌದ್ಧ ಧರ್ಮಕ್ಕೆ ಡ್ಯೂಯಿ ಕೊಟ್ಟ ಸಂಖ್ಯೆ ಅದು, ನನಗೆ ಬಾಲ್ಯದಲ್ಲೇ ಬಾಯಿಪಾಠ. ಮನೆಯ ತೆರಿಗೆ ಕಟ್ಟಿ ಬಂದಾಗ ರಶೀದಿಯಲ್ಲಿ 'ಗ್ರಂಥಾಲಯ ಕರ' ಎಂಬ ಸಾಲನ್ನು ಬೆರಳಿಟ್ಟು ತೋರಿಸುತ್ತಿದ್ದಳು. 1965ರ ಕಾಯ್ದೆಯಂತೆ ನಾವೆಲ್ಲ ಕೊಡುವ ಕರ ಅದು. "ನೋಡು, ಬೀಡಿ ಕಟ್ಟುವವಳೂ ಇದನ್ನು ಕೊಟ್ಟಿದ್ದಾಳೆ. ಮತ್ತೆ ಅವಳಿಗೆ ಪುಸ್ತಕ ಯಾಕೆ ಮುಟ್ಟುವುದಿಲ್ಲ?" ಎನ್ನುತ್ತಿದ್ದಳು.

ಸ್ಟೇಟ್ ಬ್ಯಾಂಕಿಗೆ ಹೋಗುವ ಬಸ್ಸು ಹಂಪನಕಟ್ಟೆ ದಾಟುವಾಗ ಹಳೆಯ ಸರ್ಕಾರಿ ಕಾಲೇಜನ್ನು ತೋರಿಸಿ ಅಮ್ಮ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದಳು, "ರಂಗನಾಥನ್ ಇಲ್ಲಿ ಲೆಕ್ಕ ಪಾಠ ಮಾಡಿದ್ದರು." ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನಿಸಿಕೊಂಡ ಎಸ್.ಆರ್. ರಂಗನಾಥನ್ 1917ರಲ್ಲಿ ಮಂಗಳೂರಿನಲ್ಲಿ ಗಣಿತದ ಅಧ್ಯಾಪಕರಾಗಿದ್ದರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲರಾದಾಗ ಅವರಿಗೆ ಆ ಕೆಲಸ ಎಷ್ಟು ಬೇಸರ ತಂದಿತ್ತೆಂದರೆ, ಪುನಃ ಪಾಠಕ್ಕೇ ಕಳಿಸಿ ಎಂದು ಕೇಳಿಕೊಂಡಿದ್ದರಂತೆ. ಲಂಡನ್ನಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ಕಂಡು ಬಂದ ಮೇಲೆ ಮನಸ್ಸು ಬದಲಾಯಿತು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದರ ತಾತ್ಪರ್ಯ, ಪುಸ್ತಕ ಇರುವುದು ಬಳಸಲಿಕ್ಕೆ ಎಂಬುದು. ಕೇಳಲು ಎಷ್ಟು ಸಾಮಾನ್ಯ! ಆದರೆ ಬೀಗ ಹಾಕಿದ ಕಪಾಟುಗಳನ್ನು ನೋಡಿದವರಿಗೆ ಅದರ ತೂಕ ತಿಳಿಯುತ್ತದೆ.

ಅಮ್ಮ ಆ ಸೂತ್ರವನ್ನು ಅಕ್ಷರಶಃ ಪಾಲಿಸಿದಳು. ಗ್ರಂಥಾಲಯಕ್ಕೆ ಭಾನುವಾರ ಕೆಲಸ, ಸೋಮವಾರ ರಜೆ. ಸೋಮವಾರ ಮಧ್ಯಾಹ್ನ ಊಟ ಮುಗಿಸಿ ಚೀಲದಲ್ಲಿ ಪುಸ್ತಕ ಹಾಕಿಕೊಂಡು ಹೊರಟಳೆಂದರೆ, ಬೀಡಿ ಕಟ್ಟುವ ಹೆಂಗಸರ ಜಗಲಿಗಳಿಗೆ. ಐದಾರು ಜನ ತಡ್ಪೆ ತೊಡೆಯ ಮೇಲಿಟ್ಟುಕೊಂಡು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತುತ್ತಿದ್ದರು. ಸಂಜೆಯೊಳಗೆ ಲೆಕ್ಕ ಮುಗಿಸಿ ಬ್ರಾಂಚಿಗೆ ಕೊಡಬೇಕು, ಕೈಗೆ ಬಿಡುವಿಲ್ಲ. ಆದರೆ ಕಿವಿಗೆ ಬಿಡುವಿದೆಯಲ್ಲ! ಅಮ್ಮ ಕಾರಂತರ 'ಚೋಮನ ದುಡಿ' ಓದಿ ಹೇಳಿದ್ದು ಅಲ್ಲೇ. ಒಂದು ಪುಟ ಕನ್ನಡದಲ್ಲಿ ಓದುವುದು, ಮತ್ತೆ ತುಳುವಿನಲ್ಲಿ ಹೇಳುವುದು. ಚೋಮನಿಗೆ ಗದ್ದೆ ಸಿಗದ ಸಂಗತಿ ಬಂದಾಗ ಅವರಿಗೆ ವಿವರಣೆ ಬೇಕಾಗಲಿಲ್ಲವಂತೆ.

ಓದಿದ ಮೇಲೆ ಅರ್ಜಿ ಬರೆಯುವ ಕೆಲಸ. ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯ್ದೆ 1976ರಲ್ಲೇ ಬಂದಿದೆ, ಅವರ ಮಕ್ಕಳಿಗೆ ವಿದ್ಯಾರ್ಥಿವೇತನವಿದೆ. ಫಾರಂ ತುಂಬುವವರಿಲ್ಲದೆ ಎಷ್ಟೋ ಮಕ್ಕಳಿಗೆ ಅದು ತಪ್ಪಿಹೋಗುತ್ತಿತ್ತು. ಅಮ್ಮ ಕೂತು ತುಂಬುತ್ತಿದ್ದಳು. ಠೇವಣಿ ಕಟ್ಟಲಾಗದ ಮಕ್ಕಳಿಗೆ ತನ್ನ ಜವಾಬ್ದಾರಿಯಲ್ಲಿ ಪುಸ್ತಕ ಕೊಡುತ್ತಿದ್ದಳು.

ಇನ್ನು ನನ್ನ ವಿಷಯ. ನಾನು ಆ ಪುಸ್ತಕದ ಚೀಲವನ್ನು ದ್ವೇಷಿಸುತ್ತಿದ್ದೆ. ಭಾನುವಾರ ಎಲ್ಲರ ಅಮ್ಮಂದಿರೂ ಮನೆಯಲ್ಲಿರುವಾಗ ನನ್ನ ಅಮ್ಮ ಕೆಲಸದಲ್ಲಿ. ಸೋಮವಾರ ಶಾಲೆಯಿಂದ ಬಂದರೆ ಮನೆಗೆ ಬೀಗ. 1991ರಲ್ಲಿ, ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ, ಗ್ರಂಥಾಲಯದ ಪುಸ್ತಕಗಳ ಎಣಿಕೆ ನಡೆಯಿತು. 43 ಪುಸ್ತಕ ಕಡಿಮೆ. ಅಷ್ಟರ ಬೆಲೆಯನ್ನು ಅಮ್ಮನ ಸಂಬಳದಲ್ಲಿ ಮೂರು ತಿಂಗಳು ಮುರಿದುಕೊಂಡರು. ನನ್ನ ಶಾಲಾ ಪ್ರವಾಸ ತಪ್ಪಿತು. "ನಿನಗೆ ನಿನ್ನ ಮಗಳಿಗಿಂತ ಊರವರ ಮಕ್ಕಳೇ ಹೆಚ್ಚು" ಎಂದೆ. ಅಮ್ಮ ಎದುರು ಮಾತಾಡಲಿಲ್ಲ. ಅನ್ನ ಬಡಿಸಿದಳು. ಆ ಮಾತನ್ನು ನಾನು ವಾಪಸು ತೆಗೆದುಕೊಳ್ಳಲಿಲ್ಲ. ಈಗಲೂ ಅದು ಪೂರ್ತಿ ತಪ್ಪು ಎಂದು ನನಗೆ ಅನಿಸುವುದಿಲ್ಲ, ಸತ್ಯ ಹೇಳಬೇಕಲ್ಲ. ಊರಿಗೆ ಕೊಡುವವರ ಮನೆಯಲ್ಲಿ ಯಾರೋ ಒಬ್ಬರು ತಮ್ಮ ಪಾಲನ್ನು ಬಿಟ್ಟುಕೊಟ್ಟಿರುತ್ತಾರೆ, ಹೆಚ್ಚಿನ ಸಲ ಅವರನ್ನು ಯಾರೂ ಕೇಳಿರುವುದಿಲ್ಲ. ಧಮ್ಮದ ತರಗತಿಗಳಲ್ಲಿ ಇದನ್ನು ನಾವು ಅಷ್ಟಾಗಿ ಮಾತಾಡುವುದಿಲ್ಲ.

ಕೊನೆಯ ವರ್ಷ ಅಮ್ಮ ಹಾಸಿಗೆ ಹಿಡಿದಿದ್ದಳು. ಒಂದು ಸಂಜೆ ಮಂಚದ ಕೆಳಗಿನ ಟ್ರಂಕು ಎಳೆಯಲು ಹೇಳಿದಳು. ಸೀರೆಗಳ ಅಡಿಯಲ್ಲಿ, ಪೇಪರಿನ ಹೊದಿಕೆ ಹಾಕಿದ 'ಚೋಮನ ದುಡಿ' ಇತ್ತು. ಮೊದಲ ಪುಟದಲ್ಲಿ ಗ್ರಂಥಾಲಯದ ಮೊಹರು. ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲಿನ ಸಣ್ಣ ಗೆರೆ, ಪ್ರತಿ ಸೋಮವಾರ ಓದು ನಿಂತ ಜಾಗ.

"ಇದು ಆ 43ರಲ್ಲಿ ಒಂದು. ಕೊಡಲಿಕ್ಕೆ ಮನಸ್ಸು ಬರಲಿಲ್ಲ," ಎಂದಳು.

"ದುಡ್ಡು ಮುರಿದುಕೊಂಡಿದ್ದಾರಲ್ಲ ಅಮ್ಮ, ಈಗ ಇದು ನಿನ್ನದೇ," ಎಂದೆ.

"ದುಡ್ಡು ಕೊಟ್ಟದ್ದು ಕಳೆದುಹೋದ ಪುಸ್ತಕಕ್ಕೆ. ಇದು ಕಳೆದುಹೋಗಲಿಲ್ಲವಲ್ಲ, ನನ್ನ ಹತ್ತಿರವೇ ಇತ್ತು."

ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಮಾತು ಹೇಳಿದಳು. "ಆ ಜಗಲಿಯಲ್ಲಿ ಎಲ್ಲರೂ ನನ್ನ ಬಾಯಿ ನೋಡುತ್ತಾ ಕೂರುತ್ತಿದ್ದರು. ಅದು ನನಗೆ ಬಹಳ ಬೇಕಾಗಿತ್ತು ಮಗಾ. ನೀನು ಮನೆಯಲ್ಲಿ ಒಬ್ಬಳೇ ಇರುತ್ತಿ ಅಂತ ಗೊತ್ತಿತ್ತು."

ಅಮ್ಮ ಎರಡನೆಯ ಶೀಲವನ್ನು ಯಾವ ತರಗತಿಯಲ್ಲೂ ಕಲಿತವಳಲ್ಲ. ಕೊಡದೆ ಇರುವುದನ್ನು ತೆಗೆದುಕೊಳ್ಳಬಾರದು ಎಂದು ನಾವು ದಿನಾ ಹೇಳುತ್ತೇವೆ. ಅವಳು ಒಂದು ಪುಸ್ತಕದ ಲೆಕ್ಕವನ್ನೂ, ನನ್ನ ಸೋಮವಾರಗಳ ಲೆಕ್ಕವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಖುಜ್ಜುತ್ತರೆ ಬಚ್ಚಿಟ್ಟದ್ದೂ ದಿನಕ್ಕೆ ನಾಲ್ಕೇ ನಾಣ್ಯ. ಹೇಳದಿದ್ದರೆ ರಾಣಿಗೆ ತಿಳಿಯುತ್ತಲೇ ಇರಲಿಲ್ಲ.

ನಮ್ಮ ಹಿರಿಯರ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಕೇಳಿದ್ದನ್ನು, ಓದಿದ್ದನ್ನು, ಅಲ್ಲಿಗೆ ಬರಲಾಗದವರ ಬಳಿ ಹೊತ್ತುಕೊಂಡು ಹೋಗಬಹುದು. ಅದಕ್ಕೆ ಹಣ ಬೇಡ. ಉಳಿದ ಲೆಕ್ಕಗಳು ಅವರವರಿಗೆ ಬಿಟ್ಟದ್ದು.

ಅಮ್ಮ ತೀರಿ ಮೂರು ವರ್ಷವಾಯಿತು. "ಪುಸ್ತಕ ಮುಟ್ಟಿಸು" ಎಂದಿದ್ದಳು. ನಾನಿನ್ನೂ ಮುಟ್ಟಿಸಿಲ್ಲ. ಆ ಪೆನ್ಸಿಲ್ ಗೆರೆಗಳು ಅವಳ ಕೈಯವು, ಬಿಡಲು ಆಗಿಲ್ಲ. ಮೊನ್ನೆ ಫೋನಿನಲ್ಲಿ ಅಷ್ಟೂ ಪುಟಗಳ ಫೋಟೋ ತೆಗೆದಿಟ್ಟೆ. ಈ ಭಾನುವಾರ ಪುಸ್ತಕವನ್ನು ಕೂಟಕ್ಕೆ ತರುತ್ತೇನೆ, ನೋಡಬೇಕೆನ್ನುವವರು ನೋಡಬಹುದು. ಸೋಮವಾರ ಗ್ರಂಥಾಲಯಕ್ಕೆ ರಜೆ. ಮಂಗಳವಾರ ಬೆಳಿಗ್ಗೆ ಹೋಗುತ್ತೇನೆ. ಕೂಟದಿಂದ ಯಾರಾದರೂ ಜೊತೆಗೆ ಬರುವುದಾದರೆ ತಿಳಿಸಿ, ಒಬ್ಬಳೇ ಹೋದರೆ ಅರ್ಧ ದಾರಿಯಿಂದ ವಾಪಸು ಬರುತ್ತೇನೋ ಎಂಬ ಭಯವಿದೆ.